ಉಳುಕಿದ ಕಾಲು ಮತ್ತೆ ಅಂಗಳಕ್ಕೆ

ಆಟ, ಓಟ, ಚಾರಣಗಳಲ್ಲಿ ತೊಡಗಿದವರಿಗೆ ಆಗುವ ಪೆಟ್ಟುಗಳಲ್ಲಿ ಕಾಲು ಉಳುಕುವುದು ತೀರ ಸಾಮಾನ್ಯ. ಕಬಡ್ಡಿಯಲ್ಲಿ ಥಟ್ಟನೆ ದಿಕ್ಕು ಬದಲಿಸುವಾಗ, ಬ್ಯಾಡ್ಮಿಂಟನ್‌ನಲ್ಲಿ ಜಿಗಿದು ಇಳಿಯುವಾಗ, ಕಲ್ಲುದಾರಿಯಲ್ಲಿ ಹೆಜ್ಜೆ ತಪ್ಪಿದಾಗ ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ. ಹರಡಿನ ಹೊರಬದಿಯಲ್ಲಿ ಮೂಳೆಗೆ ಮೂಳೆಯನ್ನು ಬಿಗಿದಿರುವ ಅಸ್ಥಿರಜ್ಜುಗಳು ಆಗ ಮಿತಿಮೀರಿ ಹಿಗ್ಗುತ್ತವೆ, ಇಲ್ಲವೇ ಹರಿಯುತ್ತವೆ.

ಮೊದಲು ತಿಳಿಯಬೇಕಾದದ್ದು ಮೂಳೆ ಮುರಿದಿದೆಯೇ ಎಂಬುದು. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ಹರಡಿನ ಇಕ್ಕೆಲದಲ್ಲಿ ಉಬ್ಬಿರುವ ಮೂಳೆಯ ತುದಿಯನ್ನೋ ಹಿಂಬದಿಯನ್ನೋ ಒತ್ತಿದರೆ ನೋವಾಗುವುದು, ಪೆಟ್ಟು ಬಿದ್ದ ಕೂಡಲೇ ಮತ್ತು ತಪಾಸಣೆಯ ವೇಳೆ 4 ಹೆಜ್ಜೆಯನ್ನೂ ಇಡಲಾಗದಿರುವುದು ಎಕ್ಸ್‌ರೇ ಬೇಕೆಂಬುದರ ಸೂಚನೆ. ಎಣ್ಣೆ ಹಚ್ಚಿ, ಜೋರಾಗಿ ನೀವಿಸಿ ಉಳುಕು ತೆಗೆಸುವ ರೂಢಿ ಹಲವೆಡೆ ಇದೆ. ಹಸಿ ಪೆಟ್ಟಿಗೆ ಅದು ಬಾವನ್ನು ಹೆಚ್ಚಿಸುತ್ತದೆ. ಮೂಳೆ ಮುರಿದಿದ್ದರೆ ಅಪಾಯವನ್ನೇ ತರುತ್ತದೆ.

ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಕಡಿಮೆ ಮಾಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಮಂಜುಗಡ್ಡೆ ನೋವನ್ನು ತಗ್ಗಿಸುತ್ತದೆ. ವಿಶ್ರಾಂತಿ ಮತ್ತು ಮಂಜುಗಡ್ಡೆಯ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಪೂರ್ಣ ವಿಶ್ರಾಂತಿಯಿಂದ ಗುಣವಾಗುವುದು ತಡವಾಗಬಹುದೆಂದು ಮುಂದೆ ತಾವೇ ಬರೆದರು. ಆದ್ದರಿಂದ ಈಗ ನೋವು ತಾಳುವ ಮಟ್ಟಿಗೆ ಬೇಗನೆ ಚಲನೆ ಆರಂಭಿಸಲಾಗುತ್ತದೆ. ಕುಳಿತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ ಬರೆದರೆ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ.

ಬಾವು ಇಳಿದ ಮೇಲೆ ಬಲ ತುಂಬುವ ಸರದಿ. ಪಾದಕ್ಕೆ ರಬ್ಬರ್ ಪಟ್ಟಿ ಸಿಕ್ಕಿಸಿ ಹೊರಕ್ಕೆ ಎಳೆಯುವ ವ್ಯಾಯಾಮ, ಪಾದ ಒಳಕ್ಕೆ ಮಡಚದಂತೆ ತಡೆಯುವ ಸ್ನಾಯುಗಳನ್ನು ಗಟ್ಟಿಗೊಳಿಸುತ್ತದೆ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ ಶಕ್ತಿ ಕೊಡುತ್ತದೆ.

ಹೆಚ್ಚಿನವರು ಕೈಬಿಡುವ ಹಂತವೆಂದರೆ ಸಮತೋಲನದ ತರಬೇತಿ. ಪಾದ ಯಾವ ಭಂಗಿಯಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಅಸ್ಥಿರಜ್ಜುವಿನಲ್ಲಿವೆ. ಪೆಟ್ಟಿನಿಂದ ಈ ಅರಿವು ಮಂಕಾಗುತ್ತದೆ. ನೋವು ಹೋದರೂ ಕಾಲು ಪದೇ ಪದೇ ಉಳುಕಲು ಇದೊಂದು ಮುಖ್ಯ ಕಾರಣ. ಮೊದಲು ಗೋಡೆ ಹಿಡಿದು, ಬಳಿಕ ಹಿಡಿಯದೆ ಒಂಟಿಕಾಲಿನಲ್ಲಿ 30 ಸೆಕೆಂಡು ನಿಲ್ಲುವುದು. ಅದು ಸಲೀಸಾದಾಗ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ ನಿಲ್ಲುವುದು. ಹೀಗೆ ಅಭ್ಯಾಸ ಕಠಿಣವಾಗುತ್ತ ಹೋಗುತ್ತದೆ.

ಕೊನೆಯದು ಆಟಕ್ಕೆ ಮರಳುವ ಸಿದ್ಧತೆ. ನೇರ ಓಟ, ಎಂಟರ ಆಕಾರದ ಓಟ, ಒಂಟಿಕಾಲಿನ ಜಿಗಿತ ಕ್ರಮವಾಗಿ ಬರುತ್ತವೆ. ಫಿಸಿಯೋಥೆರಪಿಸ್ಟ್ ಪೆಟ್ಟಾದ ಕಾಲಿನ ಬಲ, ಬಾಗುವಿಕೆ, ಜಿಗಿತಗಳನ್ನು ಇನ್ನೊಂದು ಕಾಲಿನೊಂದಿಗೆ ಹೋಲಿಸಿ ನೋಡುತ್ತಾರೆ. ಅಗತ್ಯವಿದ್ದರೆ ಕೆಲಕಾಲ ಟೇಪ್ ಅಥವಾ ಬ್ರೇಸ್ ಬಳಸಲು ಹೇಳುತ್ತಾರೆ. ಸಣ್ಣ ಉಳುಕು ಕೆಲವೇ ವಾರಗಳಲ್ಲಿ ಹತೋಟಿಗೆ ಬರುತ್ತದೆ, ಅಸ್ಥಿರಜ್ಜು ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು. ಆಟಕ್ಕೆ ಮರಳುವ ದಿನವನ್ನು ನಿರ್ಧರಿಸಬೇಕಾದದ್ದು ಈ ಪರೀಕ್ಷೆಗಳೇ. ನೋವು ನಿಂತಿತೆಂಬುದಷ್ಟೇ ಸಾಲದು.