ಸೈಲೆನ್ಸರಿನ ಹೊಟ್ಟೆಯೊಳಗೆ

ರಾಣೆಬೆನ್ನೂರು ಕಡೆಯ ಕುಪ್ಪೇಲೂರಿನಂಥ ಊರಿನಲ್ಲಿ ಬೈಕಿನ ಸೈಲೆನ್ಸರ್ ಕೆಡುವುದು ಹೆಚ್ಚು ಓಡಿಸಿ ಅಲ್ಲ, ಕಡಿಮೆ ಓಡಿಸಿ. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ, ಮತ್ತೆ ಮನೆಗೆ. ಒಂದೊಂದು ಸುತ್ತು ಎರಡು ಕಿಲೋಮೀಟರ್ ದಾಟಿದರೆ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಆವಿಯಾಗಿ ಹೊರಡುತ್ತದೆ. ರಾಣೆಬೆನ್ನೂರಿಗೆ ಹೋಗಿಬಂದರೆ ಸೈಲೆನ್ಸರ್ ಚೆನ್ನಾಗಿ ಕಾದು ಆವಿಯೆಲ್ಲ ಹಾರಿಹೋಗುತ್ತದೆ. ಹೊಲದ ತನಕ ಮಾತ್ರ ಹೋದರೆ ಅದು ಕಾಯುವುದೇ ಇಲ್ಲ. ಆವಿ ಒಳಗೇ ನೀರಾಗಿ ನಿಂತು, ಹೊಗೆಯಲ್ಲಿನ ಆಮ್ಲದ ಅಂಶವನ್ನೂ ಕರಗಿಸಿಕೊಂಡು ತಗಡನ್ನು ತಿನ್ನುತ್ತದೆ. ಹೊರಗೆ ಕ್ರೋಮ್ ಪಳಪಳ, ಒಳಗೆ ತುಕ್ಕು. ಕೆಲವು ಸೈಲೆನ್ಸರುಗಳ ಕೆಳಭಾಗದಲ್ಲಿ ಸಣ್ಣ ತೂತು ಇಟ್ಟಿರುವುದು ಈ ನೀರು ಇಳಿದುಹೋಗಲೆಂದೇ. ‘ಲೀಕ್ ಆಗ್ಲಿಕ್ಹತ್ತೇತಿ’ ಎಂದು ಅದಕ್ಕೆ ವೆಲ್ಡಿಂಗ್ ಹೊಡೆಸಿದವರೂ ಇದ್ದಾರೆ.

ಹಾಗೆ ತುಕ್ಕು ತಿಂದು ತೂತುಬಿದ್ದ ಮೇಲೆ ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಕಂಪ್ನೀದ ಹಾಕ್ಲೇನ್ರೀ, ಲೋಕಲ್ ನಡೀತೈತ್ರೀ?’ ದರದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಳಗಿನ ವ್ಯತ್ಯಾಸ ಕಾಣಬೇಕಾದರೆ ಗರಗಸದಿಂದ ಸೀಳಿ ನೋಡಬೇಕು.

ಸೀಳಿದರೆ ಕಾಣುವುದು ಬರಿಯ ಕೊಳವೆಯಲ್ಲ. ಅಡ್ಡ ತಗಡುಗಳಿಂದ ಎರಡೋ ಮೂರೋ ಕೋಣೆ ಮಾಡಿರುತ್ತಾರೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಣ್ಣ ಪೈಪುಗಳು ಹಾದಿರುತ್ತವೆ, ಕೆಲವಕ್ಕೆ ಮೈತುಂಬ ತೂತು. ಕೋಣೆಗಳು ಒಂದೇ ಅಳತೆಯವಲ್ಲ, ಬೇಕೆಂದೇ. ಕಿರಿದಾದ ಪೈಪಿನಿಂದ ಸದ್ದಿನ ಅಲೆ ಅಗಲವಾದ ಕೋಣೆಗೆ ಬಂದಾಗ ಅದರ ಒಂದಷ್ಟು ಪಾಲು ಬಂದ ದಾರಿಗೇ ತಿರುಗುತ್ತದೆ. ಕೋಣೆಯ ಆಚೆ ತುದಿಗೆ ಬಡಿದು ಮರಳಿದ ಅಲೆಯೂ ಹೊಸದಾಗಿ ಬರುವ ಅಲೆಯೂ ಏರುತಗ್ಗಾಗಿ ಎದುರಾದರೆ ಒಂದನ್ನೊಂದು ಅಳಿಸುತ್ತವೆ. ಹೊಗೆ 400 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಅದರಲ್ಲಿ ಸದ್ದು ಸೆಕೆಂಡಿಗೆ ಸುಮಾರು 520 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 26 ಸೆಂಟಿಮೀಟರ್ ಉದ್ದದ ಕೋಣೆ ಸೆಕೆಂಡಿಗೆ 500 ಕಂಪನಗಳ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಆದರೆ ಅದರ ಎರಡರಷ್ಟನ್ನು, ಅಂದರೆ 1,000 ಕಂಪನದ್ದನ್ನು, ತಡೆಯದೆ ಬಿಟ್ಟುಬಿಡುತ್ತದೆ. ತಪ್ಪಿಸಿಕೊಂಡ ಆ ಸದ್ದನ್ನು ಹಿಡಿಯಲು ಮುಂದಿನ ಕೋಣೆಗೆ ಬೇರೆ ಉದ್ದ.

ಈ ಲೆಕ್ಕಾಚಾರದಲ್ಲಿ ಜಗತ್ತು ನೋಡುವ ಪುಸ್ತಕವೊಂದು ನಮ್ಮ ಬೆಂಗಳೂರಿನಿಂದಲೇ ಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎಂ. ಎಲ್. ಮುಂಜಾಲ್ ಅವರು ಕೊಳವೆ ಮತ್ತು ಸೈಲೆನ್ಸರುಗಳ ಧ್ವನಿಶಾಸ್ತ್ರದ ಬಗ್ಗೆ ಬರೆದ ಗ್ರಂಥ 1987ರಲ್ಲಿ ಬಂತು, 2014ರಲ್ಲಿ ಪರಿಷ್ಕರಿಸಿದ ಎರಡನೆಯ ಆವೃತ್ತಿ ಬಂತು. ಲೋಕಲ್ ಸೈಲೆನ್ಸರ್ ಬಡಿಯುವವನಿಗೆ ಇಷ್ಟೆಲ್ಲ ವ್ಯವಧಾನ ಇರುವುದಿಲ್ಲ. ಒಂದು ತೂತಿನ ಪೈಪು, ಸುತ್ತ ಗಾಜಿನ ಉಣ್ಣೆ, ಮೇಲೊಂದು ತಗಡು. ಉಣ್ಣೆ ಕೀಚಲು ಸದ್ದನ್ನು ಹೀರುತ್ತದೆ ನಿಜ. ಆದರೆ ಕೆಳದನಿಯ ಗುಡುಗಿಗೆ ಅದು ಲೆಕ್ಕಕ್ಕಿಲ್ಲ. ದಿನ ಕಳೆದಂತೆ ಉಣ್ಣೆಯೂ ಸುಟ್ಟು ಪುಡಿಯಾಗಿ ಹಾರಿಹೋಗುತ್ತದೆ.

ಕೆಳದನಿಯೇ ನಿಜವಾದ ತಲೆನೋವು. ಬುಲೆಟ್ ನಿಂತಲ್ಲೇ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಎಂಟು ಸಲ ಹೊಗೆ ಬಿಡುತ್ತದೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಬಡಿತವನ್ನು ಕಿವಿ ಒಂದೇ ಸ್ವರವಾಗಿ ಕೂಡಿಸಿಕೊಳ್ಳದು, ಬಿಡಿಬಿಡಿಯಾಗಿಯೇ ಕೇಳುತ್ತದೆ. ಜನ ಮೆಚ್ಚುವ ‘ಡುಗ್ ಡುಗ್’ ಅದೇ. ಗಾಡಿ ವೇಗಕ್ಕೆ ಬಂದು ಬಡಿತ ಸೆಕೆಂಡಿಗೆ 50 ಆದಾಗಲೂ ಆ ಅಲೆ ಹತ್ತು ಮೀಟರಿಗಿಂತ ಉದ್ದ. ಅದನ್ನು ಮೇಲಿನ ಲೆಕ್ಕದಂತೆ ಅಡಗಿಸಲು ಎರಡೂವರೆ ಮೀಟರ್ ಉದ್ದದ ಕೋಣೆ ಬೇಕು, ಬೈಕಿಗಿಂತ ಉದ್ದ! ಅಷ್ಟು ಜಾಗವಿಲ್ಲದ್ದರಿಂದ ಕಂಪನಿಯವರು ಹೊಟ್ಟೆ ದೊಡ್ಡದು ಮಾಡುತ್ತಾರೆ. ಪೇಟೆಯಲ್ಲಿ ಶಾರ್ಟ್ ಬಾಟಲ್, ಗೋಲ್ಡ್‌ಸ್ಟಾರ್, ಪಂಜಾಬಿ, ಇಂದೋರಿ ಎಂದು ಸಿಗುವವುಗಳಲ್ಲಿ ಮೊದಲು ನೋಡಬೇಕಾದ್ದು ಹೆಸರಲ್ಲ, ಹೊಟ್ಟೆ. ಹೊಟ್ಟೆ ಸಣ್ಣದಾದಷ್ಟೂ ಬಾಯಿ ದೊಡ್ಡದು.

‘ಬಿಚ್ಚಿ ಹಾಕಿದ್ರ ಪಿಕಪ್ ಹೆಚ್ಚಾಕ್ಕೈತಿ’ ಎಂಬ ಮಾತಿಗೆ ಬರೋಣ. ಸದ್ದು ಹೆಚ್ಚಾದಾಗ ಗಾಡಿ ಜೋರು ಹೋದಂತೆ ಅನ್ನಿಸುವುದು ಕಿವಿಯ ಮೋಸ. ಒಂದು ಉಸುರು ಹೊಗೆ ಪೈಪಿನಲ್ಲಿ ರಭಸದಿಂದ ಸಾಗುವಾಗ ತನ್ನ ಹಿಂದೆ ಒತ್ತಡ ತಗ್ಗಿಸುತ್ತದೆ. ಆ ಸೆಳೆತವೇ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ಅತಿ ಅಗಲವಾದರೆ ರಭಸ ಇಳಿದು ಸೆಳೆತ ಸೋಲುತ್ತದೆ, ಕಡಿಮೆ ವೇಗದಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಂತೂ ಸೈಲೆನ್ಸರ್ ಎಂಜಿನ್ನಿನದೇ ಒಂದು ಅಂಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳಿರಲಿ, ಇಂದಿಗೂ ಹುಡುಗರು ಹುಡುಕಿ ಕೊಳ್ಳುವ ಆರ್‌ಎಕ್ಸ್ 100 ಇರಲಿ, ಹೊಗೆಯ ಬಾಯಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಬರುತ್ತದೆ. ಸ್ವಲ್ಪ ಹೊರಗೂ ಜಾರುತ್ತದೆ. ಪೈಪಿನೊಳಗಿಂದ ಹಿಂದಿರುಗುವ ಅಲೆ ಹೊತ್ತಿಗೆ ಸರಿಯಾಗಿ ಬಂದರೆ ಜಾರಿದ್ದನ್ನು ಮತ್ತೆ ಒಳಗೆ ತಳ್ಳುತ್ತದೆ. ಅಂಥ ಪೈಪನ್ನು ಕತ್ತರಿಸಿ ಗಿಡ್ಡ ಮಾಡಿದವನು ಪೆಟ್ರೋಲನ್ನು ರಸ್ತೆಗೆ ಸುರಿದಂತೆಯೇ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳದ್ದು ಇನ್ನೂ ಸೂಕ್ಷ್ಮ. ಪೈಪಿನೊಳಗೆ ವಿಷಾನಿಲ ಸುಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಮುಂದೆ ಆಮ್ಲಜನಕ ಅಳೆಯುವ ಸೆನ್ಸರ್. ಕನ್ವರ್ಟರ್ ಇಲ್ಲದ ಪೈಪು ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ಹಾಗೆಯೇ ಹೊರಬೀಳುತ್ತದೆ. ಸೆನ್ಸರಿಗೆ ಮುಂಚಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದರೂ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲ್ ಕಡಿಮೆಯಾಯಿತೆಂದು ಗಾಡಿಯ ಕಂಪ್ಯೂಟರ್ ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಎವರೇಜ್ ಇಳಿಯಿತೆಂದು ಮಾಲೀಕ ಪೆಟ್ರೋಲ್ ಬಂಕಿನವನನ್ನು ಬೈಯುತ್ತಾನೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಶಬ್ದದ ಮಿತಿ ಮೀರಿದ ಮೊದಲ ತಪ್ಪಿಗೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಸೆರೆ, ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹತೆ. ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸುವ ಚಿತ್ರ ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ.

ಟ್ರ್ಯಾಕ್ಟರಿನ ವಿಷಯದಲ್ಲಿ ಮಾತ್ರ ನನ್ನ ಆತಂಕ ಸದ್ದಿನದ್ದಷ್ಟೇ ಅಲ್ಲ. ಮೇಲ್ಮುಖದ ಸೈಲೆನ್ಸರ್ ಕಿತ್ತು ನೆಟ್ಟಗೆ ಪೈಪು ನಿಲ್ಲಿಸುವ ಖಯಾಲಿ ಇದೆಯಲ್ಲ, ಅದರಲ್ಲಿ ಹೊಗೆಯೊಂದಿಗೆ ಹೊತ್ತಿದ ಮಸಿಯ ಕಿಡಿಗಳೂ ಹಾರುತ್ತವೆ. ಸೈಲೆನ್ಸರಿನ ಅಡ್ಡ ತಗಡುಗಳು ಅಂಥ ಬಹಳಷ್ಟು ಕಿಡಿಗಳನ್ನು ತಡೆದು ನಂದಿಸುತ್ತವೆ. ಒಣಗಿದ ಗೋವಿನಜೋಳದ ರವದಿ, ಬಣವೆ, ಬ್ಯಾಡಗಿಗೆ ಹೊರಟ ಮೆಣಸಿನಕಾಯಿ ಚೀಲ ಇವೆಲ್ಲದರ ನಡುವೆಯೇ ಓಡಾಡುವ ಯಂತ್ರ ಅದು.

ಇನ್ನು ಹೊಸ ಸೈಲೆನ್ಸರ್ ಕೂಡಿಸುವ ಕೆಲಸ. ಎಂಜಿನ್ ತಣ್ಣಗಿರಲಿ. ಎಂಜಿನ್ನಿಗೆ ಬೆಂಡ್ ಪೈಪು ಸೇರುವಲ್ಲಿ ಹಳೆಯ ಗ್ಯಾಸ್ಕೆಟ್ ಮತ್ತೆ ಬಳಸಬೇಡಿ. ಒಮ್ಮೆ ಅಮುಕಿದ್ದು ಮತ್ತೆ ಸರಿಯಾಗಿ ಕೂರದು. ಎಲ್ಲ ನಟ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಆಮೇಲೆ ಎಂಜಿನ್ ಕಡೆಯವನ್ನು ಒಂದಾದ ಮೇಲೊಂದು ಸಮನಾಗಿ, ನಡುವಿನ ಕ್ಲಾಂಪು, ಕೊನೆಗೆ ಹಿಂದಿನ ಬ್ರಾಕೆಟ್ಟು ಬಿಗಿ ಮಾಡಬೇಕು. ಅವಸರದಲ್ಲಿ ಬ್ರಾಕೆಟ್ಟನ್ನೇ ಮೊದಲು ಬಿಗಿದರೆ ಪೈಪು ಎಳೆದುಕೊಂಡೇ ನಿಲ್ಲುತ್ತದೆ, ಸ್ವಲ್ಪ ದಿನಕ್ಕೆ ವೆಲ್ಡಿಂಗ್ ಬಿರಿಯುತ್ತದೆ. ಬ್ರಾಕೆಟ್ಟಿನ ರಬ್ಬರ್ ಬುಷ್ ಸವೆದಿದ್ದರೆ ಅದನ್ನೂ ಬದಲಿಸಿ. ಗಾಡಿ ಚಾಲೂ ಮಾಡಿದಾಗ ಜೋಡಣೆಯ ಸುತ್ತ ಕರಿ ಮಸಿಯ ಗೆರೆ ಮೂಡಿತೋ, ಎಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯಿತೋ, ಅಲ್ಲಿ ಗಾಳಿ ಆಡುತ್ತಿದೆ ಎಂದರ್ಥ. ಒಂದೆರಡು ದಿನ ಓಡಿಸಿ ತಣ್ಣಗಾದ ಮೇಲೆ ಎಂಜಿನ್ ಕಡೆಯ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಹೊಸ ಗ್ಯಾಸ್ಕೆಟ್ ಕಾದು ಅಮುಕಿ ಕೂತಿರುತ್ತದೆ, ನಟ್ಟು ತುಸು ತಿರುಗಬಹುದು.