ಲಸಿಕೆಯ ಸಾಲಿನಲ್ಲಿ ಉಮ್ಮ ಯಾಕೆ ಕೊನೆಗೆ?

ನಮ್ಮ ಬ್ಯಾರಿ ಮನೆಗಳಲ್ಲಿ ಪಾಸ್‌ಪೋರ್ಟ್ ಇಡುವ ಒಂದು ಫೈಲ್ ಇದ್ದೇ ಇರ್ತದೆ. ವೀಸಾದ ಪ್ರತಿ, ನಿಕಾಹ್ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರ ಎಲ್ಲ ಅದರಲ್ಲೇ. 2021ರಲ್ಲಿ ಆ ಫೈಲಿಗೆ ಇನ್ನೊಂದು ಕಾಗದ ಸೇರಿತು. ಅದು ಕೋವಿಡ್ ಲಸಿಕೆಯ ಪ್ರಮಾಣಪತ್ರ. ಗಲ್ಫಿನಲ್ಲಿರುವ ಮಗನದ್ದು ಎರಡೂ ಡೋಸಿನದ್ದು ಪಾಸ್‌ಪೋರ್ಟ್ ನಂಬರ್ ಸಮೇತ ಉಂಟು. ಅದೇ ಮನೆಯ ಉಮ್ಮನದ್ದು ಎಲ್ಲಿ ಎಂದು ಕೇಳಿದರೆ ಉತ್ತರ ಕೂಡಲೇ ಬರುವುದಿಲ್ಲ. "ಒಂದು ಡೋಸ್ ಆಗಿದೆ ಉಸ್ತಾದ್, ಎರಡನೇದು ಹಾಕಿಸ್ಲಿಲ್ಲ ಕಾಣ್ತದೆ" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬಂದಿದೆ.

ಕೊರೊನ ಯಾರಿಗೆ ಹೆಚ್ಚು ಅಪಾಯ ಎಂಬುದು ಮೊದಲ ವರ್ಷದಲ್ಲೇ ಎಲ್ಲರಿಗೂ ಗೊತ್ತಾಗಿತ್ತು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಬಿ.ಪಿ. ಮತ್ತು ಹೃದಯದ ತೊಂದರೆ ಇರುವವರಿಗೆ. ಅಂದರೆ ಮನೆಯೊಳಗೆ ಕೂತ ಉಮ್ಮನಿಗೆ, ಅಜ್ಜಿಗೆ. ಆದರೂ ಲಸಿಕೆಗೆ ಅವರ ಸರದಿ ಕೊನೆಗೆ ಬಂತು. ಇದು ಹೇಗಾಯಿತು ಎಂದು ನಾವು ಈಗ ಶಾಂತವಾಗಿ ಯೋಚಿಸುವುದು ಒಳ್ಳೆಯದು. ಯಾಕೆಂದರೆ ಈ ಮಾತು ಬರೀ ಕೊರೊನಕ್ಕೆ ಮುಗಿಯುವುದಿಲ್ಲ.

ಪರೀಕ್ಷೆಯ ಹೆದರಿಕೆ

ಕುಮಟಾ ತಾಲೂಕಿನ ಹಿರೇಗುತ್ತಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಊರು. ಅತ್ತ ಅಂಕೋಲಾ, ಇತ್ತ ಕುಮಟಾ, ಹೊನ್ನಾವರ, ಮುಂದೆ ಭಟ್ಕಳ. ಈ ಪಟ್ಟಿಯಲ್ಲಿ ಬ್ಯಾರಿಗಳಾದ ನಾವು ಕಡಿಮೆ. ಭಟ್ಕಳದ ನವಾಯತ್ ಸಹೋದರರೇ ದೊಡ್ಡ ಸಂಖ್ಯೆಯಲ್ಲಿ ಇರುವುದು. ಆದರೆ ಗಲ್ಫಿನ ನಂಟು ಇಬ್ಬರಿಗೂ ಒಂದೇ. 2020ರ ಮಾರ್ಚ್ ಕೊನೆಯ ವಾರದಲ್ಲಿ ದುಬೈಯಿಂದ ಭಟ್ಕಳಕ್ಕೆ ಮರಳಿದವರಲ್ಲಿ ಸೋಂಕು ಕಂಡಾಗ ಇಡೀ ಜಿಲ್ಲೆಯ ಕಣ್ಣು ಆ ಊರಿನ ಮೇಲೆ ಬಿತ್ತು. ಮೇ 8ರಂದು ಒಂದೇ ದಿನ ಅಲ್ಲಿ 12 ಪ್ರಕರಣ ವರದಿಯಾಯಿತು. "ಭಟ್ಕಳದವರಾ?" ಎಂದು ಕೇಳಿ ಎರಡು ಹೆಜ್ಜೆ ಹಿಂದೆ ಸರಿಯುವ ದಿನಗಳು ಅವು. ಟೋಪಿ, ಗಡ್ಡ ಕಂಡರೂ ಅದೇ ಪ್ರಶ್ನೆ.

ಅದೇ ಹೊತ್ತಿಗೆ ದೆಹಲಿಯ ನಿಝಾಮುದ್ದೀನ್ ಮರ್ಕಝಿನ ಸುದ್ದಿ ಟಿ.ವಿ.ಯಲ್ಲಿ ಹಗಲು ರಾತ್ರಿ ಓಡುತ್ತಿತ್ತು. ರೋಗಕ್ಕೆ ಒಂದು ಧರ್ಮದ ಹೆಸರು ಅಂಟಿಸಿದರು. ಮುಸ್ಲಿಮರ ಮೇಲೆ ಹೀಗೆ ಆರೋಪ ಹೊರಿಸಿದರೆ ಕ್ರಮ ತೆಗೆದುಕೊಳ್ಳಬೇಕಾಗ್ತದೆ ಎಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಏಪ್ರಿಲ್‌ನಲ್ಲಿ ಎಚ್ಚರಿಸಿದರು. ಮರ್ಕಝಿಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದ್ದಾರೆ ಎಂಬರ್ಥದ ಮಾತು ಹೇಳಿತು. ಆದರೆ ಅಷ್ಟರೊಳಗೆ ನಮ್ಮ ಮನೆಗಳಲ್ಲಿ ಹೆದರಿಕೆ ಕೂತು ಆಗಿತ್ತು.

ಗಂಟಲ ದ್ರವ ತೆಗೆಯುವ ಕಡ್ಡಿಗೆ ಯಾರೂ ಹೆದರಲಿಲ್ಲ. ಹೆದರಿದ್ದು ಬಾಗಿಲಿಗೆ ಬರುವ ಆಂಬುಲೆನ್ಸ್‌ಗೆ, ಕೈಗೆ ಒತ್ತುವ ಕ್ವಾರಂಟೈನ್ ಮುದ್ರೆಗೆ, ರಸ್ತೆ ಅಡ್ಡ ಕಟ್ಟಿ ಸೀಲ್‌ಡೌನ್ ಮಾಡುವುದಕ್ಕೆ. ಸರ್ಕಾರದ ದಿನದ ಪಟ್ಟಿಯಲ್ಲಿ ಹೆಸರು ಇರಲಿಲ್ಲ, ನಂಬರ್ ಮಾತ್ರ. ಆದರೆ ವಯಸ್ಸು, ಊರು, ಯಾರ ಸಂಪರ್ಕ ಎಂದು ಬರೆದಿದ್ದರೆ ಸಣ್ಣ ಊರಿನಲ್ಲಿ ಮನೆ ಗುರುತಿಸಲು ಎಷ್ಟು ಹೊತ್ತು ಬೇಕು? ಮಗಳ ಮದುವೆ ಮಾತುಕತೆ ನಡೆಯುತ್ತಿದ್ದ ಮನೆಯವರು ಜ್ವರವನ್ನು ಜ್ವರ ಎಂದೇ ಹೇಳಲಿಲ್ಲ. "ಬಿಸಿಲಿಗೆ ಮೈ ಬಿಸಿ" ಎಂದರು.

ಇದೇ ಕಾಲದ ಒಳ್ಳೆಯ ಸುದ್ದಿಯನ್ನೂ ಮರೆಯಬಾರದು. ಭಟ್ಕಳದ ಮೊದಲ ಸೋಂಕಿತರನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಇಟ್ಟು ನೋಡಿಕೊಂಡರು. ಸೇನೆಯ ಆಸ್ಪತ್ರೆ ಊರಿನ ಜನರಿಗೆ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಭಟ್ಕಳದ ಒಬ್ಬರು ಗರ್ಭಿಣಿ ಕೂಡ ಗುಣವಾಗಿ ಮನೆಗೆ ಮರಳಿದರು. ಪರೀಕ್ಷೆ ಮಾಡಿಸಿಕೊಂಡವರು ವಾಪಸ್ ಬರ್ತಾರೆ ಎಂಬ ಧೈರ್ಯ ಅಲ್ಲಿಂದ ಹುಟ್ಟಿತು.

ದೀನ್ ತೋರಿಸಿದ ದಾರಿ

ಆ ವರ್ಷದ ರಮಳಾನ್ ಲಾಕ್‌ಡೌನಿನ ಒಳಗೇ ಬಂತು. ಪಳ್ಳಿಯಲ್ಲಿ ಜಮಾಅತ್ ಇಲ್ಲ, ತರಾವೀಹ್ ಮನೆಯಲ್ಲಿ, ಪೆರ್ನಾಲ್ ನಮಾಝ್ ಕೂಡ ಮನೆಯಲ್ಲಿ. ಮದ್ರಸದ ಮಕ್ಕಳು ಫೋನಿನಲ್ಲಿ ಪಾಠ ಒಪ್ಪಿಸಿದರು. ಜೂನ್ 8ರ ನಂತರವೇ ಪ್ರಾರ್ಥನಾಲಯಗಳು ತೆರೆದದ್ದು. "ಅಲ್ಲಾಹನ ಮನೆಗೆ ಬೀಗ ಹಾಕಬಹುದಾ?" ಎಂದು ಹಿರಿಯರು ನೊಂದು ಕೇಳಿದರು.

ಉತ್ತರ ನಮ್ಮ ಚರಿತ್ರೆಯಲ್ಲೇ ಉಂಟು. ಖಲೀಫ ಉಮರ್(ರ) ಶಾಮ್ ದೇಶಕ್ಕೆ ಹೊರಟು ಸರ್ಗ್ ಎಂಬಲ್ಲಿ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿದ ಸುದ್ದಿ ಸಿಕ್ಕಿತು. ಅವರು ಸಮಾಲೋಚನೆ ಮಾಡಿ ಹಿಂದೆ ತಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದಾ ಎಂದು ಅಬೂ ಉಬೈದ(ರ) ಕೇಳಿದಾಗ, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಉತ್ತರಿಸಿದರು. ರೋಗ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಅಬ್ದುರ್ರಹ್ಮಾನ್ ಇಬ್ನ್ ಔಫ್(ರ) ಅಲ್ಲಿಯೇ ನೆನಪಿಸಿದರು. ಮನೆಯಲ್ಲೇ ಇರಿ ಎಂದು ಸರ್ಕಾರ ಹೇಳುವುದಕ್ಕೆ ಎಷ್ಟೋ ಶತಮಾನ ಮೊದಲು ನಮಗೆ ಕಲಿಸಿದ ಪಾಠ ಇದು. ಮಾಸ್ಕ್ ಹಾಕುವುದು, ದೂರ ನಿಲ್ಲುವುದು ತವಕ್ಕುಲಿಗೆ ವಿರೋಧ ಅಲ್ಲ. ಒಂಟೆ ಕಟ್ಟಿ ಆಮೇಲೆ ಭರವಸೆ ಇಡು ಎಂಬುದೇ ತವಕ್ಕುಲ್.

ನೋಂಬು, ಜೆಲಾಟಿನ್, ಹಜ್ಜ್

ಲಸಿಕೆ 2021ರ ಜನವರಿ 16ಕ್ಕೆ ಶುರುವಾಯಿತು. ಮೊದಲು ಆರೋಗ್ಯ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ. ಏಪ್ರಿಲ್ ಮಧ್ಯದಲ್ಲಿ ರಮಳಾನ್ ಬಂತು, ಜೊತೆಗೇ ಎರಡನೇ ಅಲೆಯೂ ಬಂತು. ಒಂದು ಕಡೆ ಆಕ್ಸಿಜನ್ ಬೆಡ್‌ಗೆ ಫೋನ್, ಇನ್ನೊಂದು ಕಡೆ ವಾಟ್ಸ್‌ಆ್ಯಪ್ ವದಂತಿ.

ನೋಂಬು ಹಿಡಿದು ಇಂಜೆಕ್ಷನ್ ತೆಗೆದುಕೊಳ್ಳಬಹುದಾ ಎಂಬುದೇ ಹೆಚ್ಚು ಕೇಳಿದ ಪ್ರಶ್ನೆ. ತೋಳಿನ ಮಾಂಸಖಂಡಕ್ಕೆ ಕೊಡುವ ಚುಚ್ಚುಮದ್ದು ಆಹಾರವಲ್ಲ, ಹೊಟ್ಟೆಗೂ ಹೋಗುವುದಿಲ್ಲ, ಅದರಿಂದ ನೋಂಬು ಮುರಿಯುವುದಿಲ್ಲ ಎಂದು ಉಲಮಾಗಳು ಹೇಳಿದರು. ಸೌದಿಯ ಗ್ರ್ಯಾಂಡ್ ಮುಫ್ತಿಯವರೂ ಅದನ್ನೇ ಹೇಳಿದರು. ಎರಡನೇ ಪ್ರಶ್ನೆ ಹಂದಿಯ ಜೆಲಾಟಿನ್ ಬಗ್ಗೆ. ನಮ್ಮಲ್ಲಿ ಕೊಟ್ಟ ಕೋವಿಶೀಲ್ಡ್‌ನ ಪದಾರ್ಥಗಳ ಪಟ್ಟಿಯಲ್ಲಿ ಜೆಲಾಟಿನ್ ಇಲ್ಲ, ಕೋವ್ಯಾಕ್ಸಿನ್‌ನಲ್ಲೂ ಇಲ್ಲ. ಒಂದು ವೇಳೆ ಇದ್ದರೂ, ಬೇರೆ ದಾರಿ ಇಲ್ಲದಾಗ ಜೀವ ಉಳಿಸಲು ಅನುಮತಿ ಉಂಟು ಎಂದು ಯು.ಎ.ಇ. ಫತ್ವಾ ಕೌನ್ಸಿಲ್ 2020ರ ಡಿಸೆಂಬರ್‌ನಲ್ಲೇ ತಿಳಿಸಿತ್ತು.

ಮಕ್ಕಳಾಗುವುದಿಲ್ಲ ಎಂಬ ಮೂರನೇ ವದಂತಿ ಹೊಸದೇನಲ್ಲ. 2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಕೊಡುವಾಗಲೂ ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಓಡಾಡಿತ್ತು.

ಇಲ್ಲಿ ಒಂದು ಮಾತು. ಹಜ್ಜ್‌ಗೆ ಹೋಗುವ ನಮ್ಮ ಹಿರಿಯರು ವರ್ಷಗಳಿಂದ ಮೆನಿಂಜೈಟಿಸ್ ಲಸಿಕೆ ತೆಗೆದುಕೊಂಡೇ ಹೋಗುತ್ತಾರೆ. ಅದಿಲ್ಲದೆ ವೀಸಾ ಇಲ್ಲ. ಆಗ ಅದರಲ್ಲಿ ಎಂತ ಉಂಟು ಎಂದು ಯಾರೂ ಕೇಳುವುದಿಲ್ಲ. ಮಕ್ಕಾಕ್ಕೆ ಹೋಗುವ ತೋಳಿಗೆ ಹಲಾಲ್ ಆದದ್ದು ಮನೆಯಲ್ಲಿ ಕೂತ ತೋಳಿಗೆ ಹರಾಮ್ ಆಗುವುದು ಹೇಗೆ?

ಗಲ್ಫಿನ ದಾರಿ

ಕೊನೆಗೆ ನಮ್ಮ ಯುವಕರನ್ನು ಲಸಿಕೆಯ ಸಾಲಿಗೆ ತಂದದ್ದು ಪ್ರವಚನಕ್ಕಿಂತ ಹೆಚ್ಚಾಗಿ ಪಾಸ್‌ಪೋರ್ಟ್. 2021ರ ಏಪ್ರಿಲ್ ಕೊನೆಯಲ್ಲಿ ಯು.ಎ.ಇ. ಭಾರತದ ಪ್ರಯಾಣಿಕರನ್ನು ತಡೆಯಿತು. ರಜೆಗೆ ಬಂದವರು ಊರಲ್ಲೇ ಸಿಕ್ಕಿಕೊಂಡರು. ಎಷ್ಟೋ ಜನರ ವೀಸಾದ ಅವಧಿ ಮುಗಿಯುತ್ತಾ ಬಂತು. ಕೋವಿಶೀಲ್ಡ್‌ನ ಎರಡು ಡೋಸಿನ ನಡುವೆ 12ರಿಂದ 16 ವಾರ ಅಂತರ ಇಟ್ಟಿದ್ದರು. ಕೆಲಸಕ್ಕೆ, ಓದಿಗೆ ವಿದೇಶಕ್ಕೆ ಹೋಗುವವರಿಗೆ 28 ದಿನದ ನಂತರವೇ ಕೊಡಬಹುದು ಎಂಬ ಆದೇಶ ಜೂನ್‌ನಲ್ಲಿ ಬಂದಾಗ ಮನೆ ಮನೆಗಳಲ್ಲಿ ಉಸಿರು ಬಂದಂತಾಯಿತು.

ಆಮೇಲೆ ಕಾಗದದ ಓಡಾಟ. ಆಧಾರ್‌ನಲ್ಲಿ ಒಂದೇ ಹೆಸರು, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೂ ಸೇರಿ ಎರಡು. ಒಂದರಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್. ಪ್ರಮಾಣಪತ್ರ ತಿದ್ದಿಸಲು ಸೈಬರ್ ಅಂಗಡಿಯಲ್ಲಿ ಸಾಲು. ಸೌದಿ ಒಪ್ಪಿದ ಪಟ್ಟಿಯಲ್ಲಿ ಆರಂಭದಲ್ಲಿ ಕೋವ್ಯಾಕ್ಸಿನ್ ಇರಲಿಲ್ಲ ಎಂದು ಅದನ್ನು ತೆಗೆದುಕೊಂಡವರಿಗೆ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟದ್ದು ನವೆಂಬರ್ 3ಕ್ಕೆ. ಯು.ಎ.ಇ. ದಾರಿ ತೆರೆದ ಮೇಲೆ ವಿಮಾನ ಹತ್ತುವ ಕೆಲವೇ ಗಂಟೆ ಮೊದಲು ಏರ್‌ಪೋರ್ಟಿನಲ್ಲೇ ರ್‍ಯಾಪಿಡ್ ಪರೀಕ್ಷೆ. ಒಂದು ವರ್ಷ ಹಿಂದೆ ಬಿಟ್ಟಿ ಕೊಟ್ಟರೂ ಬೇಡ ಎಂದ ಪರೀಕ್ಷೆಗೆ ಈಗ ದುಡ್ಡು ಕೊಟ್ಟು ನಿಂತರು. ಇದನ್ನು ತಮಾಷೆಗೆ ಹೇಳುವುದಲ್ಲ. ಅನ್ನದ ಪ್ರಶ್ನೆ ಬಂದರೆ ಹೆದರಿಕೆ ಹಿಂದೆ ನಿಲ್ಲುತ್ತದೆ.

ಉಮ್ಮನ ಸರದಿ

ಆದರೆ ಉಮ್ಮನಿಗೆ ವೀಸಾ ಬೇಡ, ಆಫೀಸು ಇಲ್ಲ, ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಹಾಗಾಗಿ ಅವಸರವೂ ಇಲ್ಲ. ಒ.ಟಿ.ಪಿ. ಬರುವ ಫೋನ್ ಮಗನ ಕೈಯಲ್ಲಿ, ಮಗ ಶಾರ್ಜಾದಲ್ಲಿ. ಆಸ್ಪತ್ರೆಯಲ್ಲಿ ಗಂಡಸರ ನಡುವೆ ಸಾಲು ನಿಲ್ಲುವುದು ಹೇಗೆ ಎಂಬ ನಾಚಿಕೆ ಬೇರೆ. ಕೇಳಿದರೆ "ನಾನು ಮನೆ ಬಿಟ್ಟು ಎಲ್ಲಿಗೆ ಹೋಗುವುದು, ನನಗೆ ಎಂತ ಆಗ್ತದೆ?" ಎನ್ನುತ್ತಾರೆ. ಹೊರಗೆ ಹೋಗಿ ಬರುವ ಮಕ್ಕಳು, ಮೊಮ್ಮಕ್ಕಳು ರೋಗವನ್ನು ಒಳಗೆ ತರುತ್ತಾರೆ ಎಂದು ಅವರಿಗೆ ಹೇಳುವವರು ಕಡಿಮೆ.

ಈ ಬಾಗಿಲುಗಳನ್ನು ತೆರೆಸಿದವರು ಆಶಾ ಕಾರ್ಯಕರ್ತೆಯರು ಮತ್ತು ನರ್ಸಮ್ಮಂದಿರು. 2021ರ ನವೆಂಬರ್‌ನಿಂದ ಮನೆ ಮನೆಗೆ ಹೋಗಿ ಲಸಿಕೆ ಕೊಡುವ ಅಭಿಯಾನ ನಡೆಯಿತು. ಅವರು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು, ಚಹ ಕುಡಿದು, ಮೊದಲು ಮೊಣಕಾಲು ನೋವಿನ ಮಾತು ಕೇಳಿ, ಆಮೇಲೆ ಲಸಿಕೆಯ ಮಾತು ತೆಗೆದರು. ಮೈಕಿನಲ್ಲಿ ಹತ್ತು ಸಲ ಕೂಗಿದರೂ ಆಗದ್ದು ಅಲ್ಲಿ ಆಯಿತು. ಪರದೆಯ ಒಳಗೇ ಹೆಂಗಸರ ಕೈಯಿಂದ ಚುಚ್ಚಿಸಿಕೊಳ್ಳಬಹುದು ಎಂದು ಗೊತ್ತಾದಾಗ ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಕೂತರು.

ಎರಡನೇ ಅಲೆಯಲ್ಲಿ ಮಯ್ಯಿತ್ ಮನೆಗೆ ಬಾರದ ದುಃಖ ಕಂಡವರಿಗೆ ಇದರ ಬೆಲೆ ಗೊತ್ತು. ಸರ್ಕಾರದ ನಿಯಮದಲ್ಲಿ ಮುಖ ನೋಡಲು, ಮುಟ್ಟದೆ ದುಆ ಮಾಡಲು ಅವಕಾಶ ಇತ್ತು, ಮೈ ತೊಳೆಯಲು ಇರಲಿಲ್ಲ. ಗುಸ್ಲ್ ಸಾಧ್ಯವಾಗದಲ್ಲಿ ತಯಮ್ಮುಮ್ ಎಂಬ ಕಿತಾಬಿನ ಪಾಠ ನಮ್ಮ ಕಣ್ಣೆದುರು ಬಂತು. ಬೆರಳೆಣಿಕೆಯ ಜನ ಜನಾಝ ನಮಾಝ್ ಮಾಡಿದರು. ಗಲ್ಫಿನ ಮಕ್ಕಳು ವೀಡಿಯೋ ಕಾಲ್‌ನಲ್ಲಿ ಉಮ್ಮನ ಕಬರ್‌ಗೆ ಮಣ್ಣು ಬೀಳುವುದನ್ನು ನೋಡಿದರು. ಕೈಯಲ್ಲಿ ಎರಡು ಡೋಸಿನ ಕಾಗದ ಇದ್ದರೂ ಬರಲು ಆಗಲಿಲ್ಲ.

ಈಗ ಏನು ಮಾಡಬಹುದು

ಕೊರೊನ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಆದರೆ ಮನೆಯ ಲೆಕ್ಕ ಹಾಗೇ ಉಂಟು. ಮಗನ ಮೆಡಿಕಲ್ ವೀಸಾಕ್ಕಾಗಿ ಆಗ್ತದೆ. ಉಮ್ಮನ ಸಕ್ಕರೆ ಪರೀಕ್ಷೆ ತಲೆ ಸುತ್ತಿ ಬಿದ್ದ ಮೇಲೆ ಆಗ್ತದೆ. ಬಿ.ಪಿ. ಮಾತ್ರೆ ಮುಗಿದು ತಿಂಗಳಾದರೂ "ಮಗ ಕಳುಹಿಸಿದ ದುಡ್ಡು ಯಾಕೆ ಖರ್ಚು ಮಾಡುವುದು" ಎಂದು ಸುಮ್ಮನಿರ್ತಾರೆ.

ಜಮಾಅತ್ ಕಮಿಟಿಗಳಿಗೆ ನಮ್ಮ ಮನವಿ ಇಷ್ಟು. ವರ್ಷಕ್ಕೆ ಎರಡು ಸಲ ಮದ್ರಸದ ಕಟ್ಟಡದಲ್ಲಿ ಹೆಂಗಸರಿಗೇ ಬೇರೆ ಸಮಯ ಇಟ್ಟು ಸಕ್ಕರೆ, ಬಿ.ಪಿ. ತಪಾಸಣೆ ಮಾಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ ನೋಡಿ, ನರ್ಸಮ್ಮ, ಆಶಾ ಕಾರ್ಯಕರ್ತೆ ನಮಗೆ ಹೊಸಬರಲ್ಲ. ಜುಮಾದ ನಂತರ ಎರಡು ನಿಮಿಷ ಖತೀಬರು ಹೇಳಲಿ. ಹೇಳುವಾಗ ಗಂಡಸರಿಗೆ, "ನಿಮ್ಮ ಮನೆಯ ಹೆಂಗಸರನ್ನು ಕರೆದುಕೊಂಡು ಬನ್ನಿ" ಎಂದೇ ಹೇಳಲಿ.

ಗಲ್ಫಿನಲ್ಲಿ ಕೂತು ಇದನ್ನು ಓದುವ ಮಕ್ಕಳಿಗೂ ಒಂದು ಮಾತು. ಶುಕ್ರವಾರ ಉಮ್ಮನಿಗೆ ಫೋನ್ ಮಾಡುವಾಗ ಊಟ ಆಯಿತಾ ಎಂದು ಕೇಳ್ತೀರಿ. ಜೊತೆಗೆ ಮಾತ್ರೆ ಎಷ್ಟು ಉಳಿದಿದೆ ಎಂದೂ ಕೇಳಿ. ಕಳೆದ ಸಲ ಸಕ್ಕರೆ ಎಷ್ಟಿತ್ತು ಎಂದು ಕೇಳಿ. "ನನಗೆ ಎಂತ ಆಗ್ತದೆ" ಎಂದು ಅವರು ಹೇಳಿದರೆ ಅಲ್ಲಿಗೆ ಬಿಡಬೇಡಿ. ಊರಲ್ಲಿರುವ ತಮ್ಮನಿಗೋ ಅಳಿಯನಿಗೋ ಫೋನ್ ಮಾಡಿ, ರಿಕ್ಷಾ ತಂದು ಅಂಗಳದಲ್ಲಿ ನಿಲ್ಲಿಸಲು ಹೇಳಿ. ರಿಕ್ಷಾ ಬಂದು ನಿಂತರೆ ಉಮ್ಮಂದಿರು ಹೊರಡ್ತಾರೆ.