ಗಣಕಯಂತ್ರದ ನಿದ್ರಾಭಂಗ

ಯಾವ ಕೆಲಸವನ್ನೂ ಕೊಡದೆ ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನ ತಳವನ್ನು ಮುಟ್ಟಿ ನೋಡಿದರೆ ಅದು ಬೆಚ್ಚಗಿರುವುದುಂಟು. ಸುಮ್ಮನಿರುವ ಯಂತ್ರಕ್ಕೆ ಈ ಕಾವು ಎಲ್ಲಿಂದ ಬಂದಿತು? ಬ್ಯಾಟರಿಯ ವಿದ್ಯುಚ್ಛಕ್ತಿಯೇ ಉಷ್ಣವಾಗಿ ಮಾರ್ಪಟ್ಟಿದೆಯೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ಪರದೆಯ ಬೆಳಕಿಗೆ ಸಲ್ಲುವ ಪಾಲನ್ನು ಬದಿಗಿಡೋಣ. ಉಳಿದುದರಲ್ಲಿ ಒಂದಂಶವು ಬಹುಕಾಲ ಕೇವಲ ಒಂದು ಹಳೆಯ ಅಭ್ಯಾಸದಿಂದಾಗಿ ಪೋಲಾಗುತ್ತಿದ್ದಿತು. ಆ ಅಭ್ಯಾಸ ಯಂತ್ರದ್ದಲ್ಲ, ಯಂತ್ರವನ್ನು ಆಳುವ ಆಪರೇಟಿಂಗ್ ಸಿಸ್ಟಂ ಎಂಬ ಕ್ರಮವಿಧಿಯದು.

ಒಂದೇ ಪ್ರೊಸೆಸರನ್ನು ಹಲವು ಕ್ರಮವಿಧಿಗಳಿಗೆ ಸರದಿಯಂತೆ ಹಂಚಿಕೊಡುವುದು ಆಪರೇಟಿಂಗ್ ಸಿಸ್ಟಂನ ಹೊಣೆ. ಯಾರ ಸರದಿ ಮುಗಿಯಿತೆಂದು ತಿಳಿಯಲು ಅದು ಎಡೆಬಿಡದೆ ಮಿಡಿಯುವ ಒಂದು ಗಡಿಯಾರವನ್ನು ನೆಚ್ಚಿಕೊಂಡಿತ್ತು. ಸಾಮಾನ್ಯ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಲಿನಕ್ಸ್ ಮೊದಲು ಸೆಕೆಂಡಿಗೆ 100 ಮಿಡಿತಗಳನ್ನು ಎಣಿಸುತ್ತಿತ್ತು. 2003ರಲ್ಲಿ ಹೊರಬಂದ 2.6 ಆವೃತ್ತಿಯಲ್ಲಿ ಇದು 1000ಕ್ಕೇರಿತು. ಕೆಲಸದಲ್ಲಿ ಮುಳುಗಿರುವ ಯಂತ್ರಕ್ಕೆ ಇದರಿಂದ ಅನುಕೂಲವೇ ಉಂಟು. ಆದರೆ ಸರದಿಯಲ್ಲಿ ಯಾರೊಬ್ಬರೂ ಇಲ್ಲದಾಗಲೂ ಮಿಡಿತ ನಿಲ್ಲುತ್ತಿರಲಿಲ್ಲ. "ಕೆಲಸವಿದೆಯೆ?" "ಇಲ್ಲ." ಈ ಸಂವಾದ ಸೆಕೆಂಡಿಗೆ ಸಾವಿರ ಸಲ!

ಇದರಿಂದ ಆಗುವ ನಷ್ಟವನ್ನು ತಿಳಿಯಲು ಪ್ರೊಸೆಸರಿನ ನಿದ್ರೆಯನ್ನು ಅರಿಯಬೇಕು. ಮೇಲುನಿದ್ರೆಯಲ್ಲಿ ಅದರ ಅಂಗಗಳ ಚಾಲನೆ ಮಾತ್ರ ನಿಲ್ಲುತ್ತದೆ. ಗಾಢನಿದ್ರೆಯಲ್ಲಾದರೋ ಒಳಗಿನ ಸ್ಮೃತಿಕೋಶಗಳನ್ನು ಬರಿದುಮಾಡಿ ವೋಲ್ಟೇಜನ್ನೂ ತಗ್ಗಿಸಲಾಗುವುದು. ನಿಜವಾದ ಉಳಿತಾಯವಿರುವುದು ಇಲ್ಲಿಯೇ. ಆದರೆ ಆ ಆಳಕ್ಕೆ ಇಳಿಯುವುದಕ್ಕೂ ಮರಳಿ ಏರುವುದಕ್ಕೂ ಕಾಲ ಬೇಕು, ಶಕ್ತಿಯೂ ಬೇಕು. ನಿದ್ರೆ ತೀರ ಕಿರಿದಾದರೆ ಗಳಿಕೆಗಿಂತ ಖರ್ಚೇ ಹೆಚ್ಚು.

ಬೆಂಗಳೂರಿನಿಂದ ಹರಿಹರಕ್ಕೆ ರಾತ್ರಿಯ ರೈಲಿನಲ್ಲಿ ಹೊರಟವನು ಪ್ರತಿಯೊಂದು ನಿಲ್ದಾಣದಲ್ಲಿಯೂ ಎದ್ದು "ಹರಿಹರ ಬಂತೆ?" ಎಂದು ಇಣುಕಿದರೆ ಅವನಿಗೆ ನಿದ್ರೆಯೆಲ್ಲಿಯದು? ಅಲಾರಂ ಇಟ್ಟು ಮಲಗಿದವನೇ ಜಾಣ. 2007ರ 2.6.21 ಆವೃತ್ತಿಯು ಈ ಜಾಣತನವನ್ನು ಲಿನಕ್ಸಿಗೆ ಕಲಿಸಿತು. ಕೆಲಸವಿಲ್ಲದಾಗ ಮಿಡಿತವನ್ನು ನಿಲ್ಲಿಸುವುದು. ಮುಂದಿನ ಕೆಲಸ ಯಾವ ಕ್ಷಣಕ್ಕಿದೆಯೆಂದು ಗುಣಿಸಿ ಆ ಕ್ಷಣಕ್ಕೊಂದು ಅಲಾರಂ ಇಡುವುದು. ನಡುವೆ ನಾವು ಕೀಲಿಮಣೆಯನ್ನು ಒತ್ತಿದರೆ ಯಂತ್ರ ಏಳುವುದಕ್ಕೇನೂ ಅಡ್ಡಿಯಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ನಿದ್ರೆಗೆಡಿಸುತ್ತಿದ್ದುದು ಗಡಿಯಾರವೊಂದೇ ಅಲ್ಲ. ಹೊಸ ಪತ್ರ ಬಂದಿತೆ, ಕಡತ ಬದಲಾಯಿತೆ ಎಂದು ಹಲವು ಕ್ರಮವಿಧಿಗಳು ತಮ್ಮಷ್ಟಕ್ಕೆ ಅಲಾರಂಗಳನ್ನು ಇಟ್ಟುಕೊಂಡಿದ್ದುವು. ಇವುಗಳನ್ನು ಹೆಸರು ಹಿಡಿದು ತೋರಿಸುವ 'ಪವರ್‌ಟಾಪ್' ಎಂಬ ಸಾಧನವನ್ನು ಇಂಟೆಲ್ ಸಂಸ್ಥೆ ಅದೇ 2007ರಲ್ಲಿ ಹೊರತಂದಿತು. ಹತ್ತಿರ ಹತ್ತಿರದ ಅಲಾರಂಗಳನ್ನು ಒಂದುಗೂಡಿಸಿ ಒಮ್ಮೆಗೇ ಏಳುವ ಉಪಾಯವನ್ನು ವಿಂಡೋಸ್ 7 (2009), ಮ್ಯಾಕಿನ ಮಾವರಿಕ್ಸ್ (2013) ಅಳವಡಿಸಿಕೊಂಡುವು.

ಪವರ್‌ಟಾಪನ್ನು ನಾವು ನಮ್ಮ ಪ್ರಯೋಗಶಾಲೆಯ ಯಂತ್ರದಲ್ಲಿ ನಡೆಸಿ ನೋಡಿದೆವು. ಪಟ್ಟಿಯ ತುದಿಯಲ್ಲಿದ್ದುದು, ಹೇಳಲು ನಾಚಿಕೆಯಾಗುತ್ತದೆ, ಲೋಲಕದ ಆಂದೋಲನಗಳನ್ನು ಎಣಿಸಲು ನಾವೇ ಬರೆದಿದ್ದ ಕ್ರಮವಿಧಿ! ಪ್ರಯೋಗ ಮುಗಿದು ಗುಂಡನ್ನು ಪೆಟ್ಟಿಗೆಯೊಳಗೆ ಇಟ್ಟ ಮೇಲೂ ಅದು "ಗುಂಡು ಬಂತೆ?" ಎಂದು ಮಿಲಿಸೆಕೆಂಡಿಗೊಮ್ಮೆ ಕೇಳುತ್ತಲೇ ಇತ್ತು. ಗುಂಡು ಬೆಳಕಿನ ಕಿರಣವನ್ನು ತಡೆದಾಗ ಸಂವೇದಕವೇ ಯಂತ್ರವನ್ನು ಎಬ್ಬಿಸುವಂತೆ ಅದನ್ನು ತಿದ್ದಿದೆವು. ಮಾರನೆಯ ದಿನದ ಪಟ್ಟಿಯಲ್ಲಿ ಅದರ ಹೆಸರನ್ನು ಹುಡುಕಬೇಕಾಯಿತು.